ನೀರಿನ ಮಂಜು ಸರಿಯಾಗಿ ಹೊರಡದಿದ್ದರೆ: ಬೆಂಕಿ ರಕ್ಷಣೆ ಮತ್ತು ತಂಪಿನ ವ್ಯವಸ್ಥೆಗಳಲ್ಲಿ ದೋಷ ಹುಡುಕುವ ಕ್ರಮ

ನಾಜಲ್‌ನಿಂದ ನೀರು ಬರುತ್ತಿದೆ ಎಂದಾಕ್ಷಣ ಮಂಜು ಬರುತ್ತಿದೆ ಎಂದಾಗುವುದಿಲ್ಲ. ಪಂಪ್ ಓಡುತ್ತಿರುತ್ತದೆ, ಪ್ಯಾನೆಲ್‌ನಲ್ಲಿ ಹಸಿರು ದೀಪ ಉರಿಯುತ್ತಿರುತ್ತದೆ, ನೆಲವೂ ಒದ್ದೆಯಾಗುತ್ತದೆ. ಆದರೆ ಹನಿ ದಪ್ಪವಾಗಿರುತ್ತದೆ. ದಪ್ಪ ಹನಿ ಆವಿಯಾಗುವ ಮೊದಲೇ ನೆಲ ಸೇರುತ್ತದೆ. ಆಗ ಬೆಂಕಿಗೆಂದು ಹಾಕಿದ ವ್ಯವಸ್ಥೆ ನೀರು ಸಾಲದ ಸ್ಪ್ರಿಂಕ್ಲರ್ ಆಗಿಬಿಡುತ್ತದೆ. ತಂಪಿಗೆಂದು ಹಾಕಿದ್ದು ಜಾಗವನ್ನು ಜಾರುವಂತೆ ಮಾಡುವುದಕ್ಕಷ್ಟೇ ಉಪಯೋಗವಾಗುತ್ತದೆ.

ಹನಿಯ ಗಾತ್ರಕ್ಕೆ ಇಷ್ಟು ಮಹತ್ವ ಏಕೆ ಎಂಬುದು ಲೆಕ್ಕದಲ್ಲಿ ಬೇಗ ತಿಳಿಯುತ್ತದೆ. ಒಂದು ಲೀಟರ್ ನೀರನ್ನು 1 ಮಿಲಿಮೀಟರ್ ವ್ಯಾಸದ ಹನಿಗಳಾಗಿ ಒಡೆದರೆ ಅವೆಲ್ಲದರ ಮೇಲ್ಮೈ ಸೇರಿ 6 ಚದರ ಮೀಟರ್. ಅದೇ ನೀರನ್ನು 0.1 ಮಿಲಿಮೀಟರ್ ಹನಿಗಳಾಗಿ ಒಡೆದರೆ 60 ಚದರ ಮೀಟರ್. ಶಾಖ ನೀರಿನೊಳಗೆ ಹೋಗುವುದು ಈ ಮೇಲ್ಮೈಯ ಮೂಲಕವೇ. 20 ಡಿಗ್ರಿ ಸೆಲ್ಸಿಯಸ್‌ನ ಒಂದು ಕಿಲೋ ನೀರು ಕುದಿಯುವ ಹಂತ ಮುಟ್ಟಲು ಸುಮಾರು 335 ಕಿಲೋಜೂಲ್ ಸಾಕು. ಪೂರ್ತಿ ಆವಿಯಾಗಲು ಅದರ ಮೇಲೆ ಇನ್ನೂ 2,257 ಕಿಲೋಜೂಲ್ ಬೇಕು. ಅಂದರೆ ಆವಿಯಾಗದೆ ಬಿದ್ದ ನೀರು ತನ್ನ ಕೆಲಸದ ದೊಡ್ಡ ಪಾಲನ್ನು ಮಾಡಿಯೇ ಇರುವುದಿಲ್ಲ. ಆವಿಯಾದ ನೀರು 1,600 ಪಟ್ಟಿಗೂ ಹೆಚ್ಚು ಹಿಗ್ಗಿ ಜ್ವಾಲೆಯ ಸುತ್ತಲಿನ ಆಮ್ಲಜನಕವನ್ನು ಪಕ್ಕಕ್ಕೆ ತಳ್ಳುತ್ತದೆ. ಗಾಳಿಯಲ್ಲಿ ತೇಲುವ ಸಣ್ಣ ಹನಿಗಳು ಬೆಂಕಿಯಿಂದ ಹೊಮ್ಮುವ ಬಿಸಿ ಕಿರಣಗಳನ್ನು ಅಡ್ಡಗಟ್ಟಿ ಪಕ್ಕದ ವಸ್ತುಗಳಿಗೆ ಬೆಂಕಿ ಹತ್ತದಂತೆ ನೋಡಿಕೊಳ್ಳುತ್ತವೆ.

ನೀರಿನ ಮಂಜಿನ ವ್ಯವಸ್ಥೆಗಳಿಗೆಂದೇ ಅಮೆರಿಕದ ಬೆಂಕಿ ರಕ್ಷಣಾ ಸಂಘ ರೂಪಿಸಿದ ಎನ್‌ಎಫ್‌ಪಿಎ 750 ಮಾನದಂಡದ ಪ್ರಕಾರ, ಕನಿಷ್ಠ ಕಾರ್ಯಾಚರಣೆಯ ಒತ್ತಡದಲ್ಲಿ ನೀರಿನ ಒಟ್ಟು ಪ್ರಮಾಣದ ಶೇ. 99ರಷ್ಟು 1,000 ಮೈಕ್ರಾನ್‌ಗಿಂತ, ಅಂದರೆ 1 ಮಿಲಿಮೀಟರ್‌ಗಿಂತ, ಸಣ್ಣ ಹನಿಗಳಲ್ಲಿರಬೇಕು. ಆಗಲೇ ಅದು ಮಂಜು. ಅದೇ ಮಾನದಂಡ 12.1 ಬಾರ್‌ವರೆಗಿನದನ್ನು ಕಡಿಮೆ ಒತ್ತಡದ ವ್ಯವಸ್ಥೆ, 34.5 ಬಾರ್‌ವರೆಗಿನದನ್ನು ಮಧ್ಯಮ, ಅದಕ್ಕೂ ಮೇಲಿನದನ್ನು ಅಧಿಕ ಒತ್ತಡದ ವ್ಯವಸ್ಥೆ ಎಂದು ವಿಂಗಡಿಸುತ್ತದೆ. ನಿಮ್ಮ ಮುಂದಿರುವುದು ಇವುಗಳಲ್ಲಿ ಯಾವುದು ಎಂದು ತಿಳಿಯದೆ ಗೇಜ್ ಓದಿ ಪ್ರಯೋಜನವಿಲ್ಲ. 10 ಬಾರ್ ಒಂದಕ್ಕೆ ಆರೋಗ್ಯ, ಇನ್ನೊಂದಕ್ಕೆ ಕಾಯಿಲೆ.

ದೋಷ ಕಣ್ಣಿಗೆ ಬೀಳುವುದು ನಾಜಲ್‌ನಲ್ಲಿ. ಹುಟ್ಟುವುದು ಬಹುತೇಕ ಅದರ ಹಿಂದೆ ಎಲ್ಲೋ. ನಾಜಲ್ ಬದಲಿಸಿ ಕೈತೊಳೆದುಕೊಂಡವರು ಕೆಲವೇ ದಿನಗಳಲ್ಲಿ ಅದೇ ಏಣಿ ಹತ್ತುತ್ತಾರೆ.

ಕೈ ಹಾಕುವ ಮೊದಲು

ಅಧಿಕ ಒತ್ತಡದ ಪೈಪಿನಲ್ಲಿ ಸೋರಿಕೆ ಎಲ್ಲಿದೆ ಎಂದು ಬೆರಳಾಡಿಸಿ ನೋಡಬೇಡಿ. ನೂರು ಬಾರ್ ಒತ್ತಡದಲ್ಲಿ ಸೂಜಿಮೊನೆಯಷ್ಟು ತೂತಿನಿಂದ ಹೊರಡುವ ನೀರು ಚರ್ಮ ಸೀಳಿ ಒಳಗೆ ಹೋಗಬಲ್ಲದು. ಹೊರಗೆ ಕಾಣುವುದು ಚುಕ್ಕೆಯಂಥ ಗಾಯ, ಒಳಗಿನ ಹಾನಿ ದೊಡ್ಡದು. ಅಂಥ ಗಾಯವಾದರೆ ಬ್ಯಾಂಡೇಜ್ ಸುತ್ತಿ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಸೋರಿಕೆ ಹುಡುಕಲು ಉದ್ದ ಕಡ್ಡಿಗೆ ಕಟ್ಟಿದ ಒಣ ರಟ್ಟಿನ ತುಂಡು ಸಾಕು. ಯಾವುದೇ ಜೋಡಣೆ ಬಿಚ್ಚುವ ಮೊದಲು ಪಂಪಿನ ವಿದ್ಯುತ್ ಕಡಿದು, ಅದಕ್ಕೆ ಬೀಗ ಹಾಕಿ, ಡ್ರೈನ್ ತೆರೆದು, ಗೇಜ್ ಸೊನ್ನೆಗೆ ಇಳಿಯಿತೇ ಎಂದು ನೋಡಿ. ನೀರನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್‌ನ ಆಚೆ ಬದಿಯಲ್ಲಿ ಒತ್ತಡ ಸಿಕ್ಕಿಕೊಂಡಿರಬಹುದು. ಒಂದೇ ಗೇಜ್ ನಂಬಬೇಡಿ.

ಬೆಂಕಿ ರಕ್ಷಣೆಯ ವ್ಯವಸ್ಥೆಯಾದರೆ, ಅದು ಎಷ್ಟು ಹೊತ್ತು ಸ್ಥಗಿತವಾಗಿರುತ್ತದೆ ಎಂಬುದನ್ನು ಕಟ್ಟಡದ ಹೊಣೆ ಹೊತ್ತವರಿಗೆ ಬರಹದಲ್ಲಿ ತಿಳಿಸಿ. ಆ ಅವಧಿಯಲ್ಲಿ ಅಲ್ಲಿ ವೆಲ್ಡಿಂಗ್‌ನಂಥ ಕೆಲಸ ನಡೆಯಬಾರದು, ಬೆಂಕಿ ಕಾವಲಿಗೆ ಒಬ್ಬರು ಇರಬೇಕು. ಇಡೀ ವ್ಯವಸ್ಥೆಯನ್ನು ನಿಲ್ಲಿಸುವುದಕ್ಕಿಂತ ದೋಷವಿರುವ ವಿಭಾಗವೊಂದನ್ನೇ ಬೇರ್ಪಡಿಸುವುದು ಯಾವಾಗಲೂ ಮೇಲು.

ಒತ್ತಡ ಮತ್ತು ಹರಿವನ್ನು ಜೊತೆಯಲ್ಲೇ ಓದಿ

ಒತ್ತಡ ಒಂದನ್ನೇ ನೋಡಿದರೆ ಅರ್ಧ ಕಥೆ. ನಾಜಲ್‌ನಿಂದ ಹೊರಡುವ ನೀರಿನ ಪ್ರಮಾಣ ಒತ್ತಡದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಆ ಅನುಪಾತದ ಸಂಖ್ಯೆಯೇ ನಾಜಲ್‌ನ ಕೆ-ಅಂಶ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಂದು ವಿಭಾಗದಲ್ಲಿ ಹತ್ತು ತೆರೆದ ನಾಜಲ್‌ಗಳಿವೆ, ಪ್ರತಿಯೊಂದೂ 100 ಬಾರ್‌ನಲ್ಲಿ ನಿಮಿಷಕ್ಕೆ 10 ಲೀಟರ್ ಬಿಡುತ್ತದೆ. ಒಟ್ಟು ಹರಿವು ನಿಮಿಷಕ್ಕೆ 100 ಲೀಟರ್ ಇರಬೇಕು. ಈಗ ಪರೀಕ್ಷೆಯಲ್ಲಿ ಮೂರು ಬಗೆಯ ಫಲಿತಾಂಶ ಬರಬಹುದು.

ಒತ್ತಡ 100 ಬಾರ್ ಇದೆ, ಹರಿವು ಮಾತ್ರ 80 ಲೀಟರ್. ಇದು ನಾಜಲ್ ಕಟ್ಟಿಕೊಂಡ ಲಕ್ಷಣ. ಎರಡು ಪೂರ್ತಿ ಮುಚ್ಚಿಹೋಗಿರಬಹುದು ಅಥವಾ ಹತ್ತೂ ಅಷ್ಟಿಷ್ಟು ಕಟ್ಟಿಕೊಂಡಿರಬಹುದು.

ಒತ್ತಡ 64 ಬಾರ್, ಹರಿವು 80 ಲೀಟರ್. 64ರ ವರ್ಗಮೂಲ 8, 100ರದ್ದು 10, ಲೆಕ್ಕ ಸರಿಹೋಯಿತು. ನಾಜಲ್‌ಗಳು ಚೆನ್ನಾಗಿವೆ, ಅವುಗಳಿಗೆ ಸಿಗಬೇಕಾದ ಒತ್ತಡ ಸಿಗುತ್ತಿಲ್ಲ. ಏಣಿ ಪಕ್ಕಕ್ಕಿಟ್ಟು ಪಂಪ್ ಕೋಣೆಗೆ ಹೋಗಿ.

ಒತ್ತಡ 64 ಬಾರ್, ಹರಿವು 100 ಲೀಟರ್. 64 ಬಾರ್‌ನಲ್ಲಿ ಹತ್ತು ನಾಜಲ್‌ಗಳು ಕುಡಿಯುವುದು 80 ಲೀಟರ್ ಮಾತ್ರ. ಉಳಿದ 20 ಲೀಟರ್ ಬೇರೆಲ್ಲೋ ಹೋಗುತ್ತಿದೆ: ಪೈಪ್ ಸೋರುತ್ತಿದೆ, ನಾಜಲ್‌ನ ಒಳಭಾಗ ಕಳಚಿಬಿದ್ದಿದೆ ಅಥವಾ ರಂಧ್ರ ಸವೆದು ಅಗಲವಾಗಿದೆ.

ಇಲ್ಲೊಂದು ಮೋಸವಿದೆ. ಅಧಿಕ ಒತ್ತಡದ ವ್ಯವಸ್ಥೆಗಳಲ್ಲಿ ಸಾಮಾನ್ಯವಾಗಿ ಇರುವುದು ಪಿಸ್ಟನ್ ಅಥವಾ ಪ್ಲಂಜರ್ ಪಂಪ್. ಅದು ಒಂದು ಸುತ್ತಿಗೆ ಇಂತಿಷ್ಟೇ ನೀರು ಎಂದು ತಳ್ಳುತ್ತದೆ. ಮುಂದೆ ದಾರಿ ಇಲ್ಲದಿದ್ದರೆ ಒತ್ತಡ ಏರುತ್ತದೆ. ಆ ಹೆಚ್ಚುವರಿ ನೀರನ್ನು ಅನ್‌ಲೋಡರ್ ವಾಲ್ವ್ ತೊಟ್ಟಿಗೆ ವಾಪಸು ಕಳಿಸುತ್ತದೆ. ಹಾಗಾಗಿ ಅನ್‌ಲೋಡರ್‌ನ ಹಿಂದೆ ಅಳೆದ ಹರಿವು ಯಾವಾಗಲೂ ಸರಿಯಾಗಿಯೇ ಕಾಣುತ್ತದೆ. ಹರಿವನ್ನು ಅದರ ಮುಂದೆ, ನಾಜಲ್‌ಗಳ ಕಡೆಗೆ ಹೋಗುವ ಪೈಪಿನಲ್ಲೇ ಅಳೆಯಬೇಕು.

ಇದೆಲ್ಲಕ್ಕೂ ಹೋಲಿಸಿ ನೋಡಲು ಒಂದು ಆಧಾರ ಬೇಕು. ವ್ಯವಸ್ಥೆ ಹೊಸದಾಗಿದ್ದಾಗ ಪಂಪಿನ ಬಳಿ ಮತ್ತು ಅತಿ ದೂರದ ನಾಜಲ್‌ನ ಬಳಿ ಎಷ್ಟು ಒತ್ತಡವಿತ್ತು, ಹರಿವು ಎಷ್ಟಿತ್ತು ಎಂಬ ದಾಖಲೆ ಹುಡುಕಿ. ಅದು ಕಪಾಟಿನಲ್ಲಿ ಸಿಗದಿದ್ದರೆ ಇಂದಿನ ಅಳತೆಯನ್ನೇ ಬರೆದಿಡಿ, ಮುಂದಿನವರಿಗಾದರೂ ಆದೀತು. ಗೇಜ್ ಮೇಲೆ ಅನುಮಾನವಿದ್ದರೆ ಪಕ್ಕದಲ್ಲಿ ಇನ್ನೊಂದು ಕೂರಿಸಿ ನೋಡಿ. ಸೊನ್ನೆ ಒತ್ತಡದಲ್ಲಿ ಮುಳ್ಳು ಸೊನ್ನೆಗೆ ಮರಳದ ಗೇಜ್‌ಗೆ ಕಸದ ಬುಟ್ಟಿಯೇ ಸರಿಯಾದ ಜಾಗ.

ಒತ್ತಡ ಏರುತ್ತಿಲ್ಲ

ಮೊದಲು ಪಂಪಿನ ಒಳಹರಿವಿನ ಕಡೆ ನೋಡಿ, ಆಮೇಲೆ ಪಂಪ್. ತೊಟ್ಟಿಯಲ್ಲಿ ನೀರು ಇದೆಯೇ, ಫ್ಲೋಟ್ ವಾಲ್ವ್ ಸಿಕ್ಕಿಕೊಂಡಿದೆಯೇ, ಒಳಹರಿವಿನ ವಾಲ್ವ್ ಪೂರ್ತಿ ತೆರೆದಿದೆಯೇ, ಫಿಲ್ಟರ್ ಕಟ್ಟಿದೆಯೇ? ಫಿಲ್ಟರ್‌ನ ಎರಡೂ ಬದಿಗೆ ಗೇಜ್ ಇದ್ದರೆ ನೀರು ಹರಿಯುತ್ತಿರುವಾಗ ಓದಿ. ಪಂಪ್ ನಿಂತಾಗ ಕಟ್ಟಿದ ಫಿಲ್ಟರ್‌ನ ಎರಡು ಬದಿಗೂ ಒಂದೇ ಒತ್ತಡ ಕಾಣುತ್ತದೆ.

ಪಂಪ್‌ಗೆ ನೀರು ಸಾಲದಿದ್ದರೆ ಅದು ಸದ್ದು ಮಾಡಿ ಹೇಳುತ್ತದೆ: ಒಳಗೆ ಜಲ್ಲಿ ಉರುಳಿಸಿದಂಥ ಗರಗರ. ಗೇಜ್ ಮುಳ್ಳು ನಡುಗುತ್ತದೆ. ಪರೀಕ್ಷಾ ಪೈಪಿನಿಂದ ಪಾರದರ್ಶಕ ಲೋಟಕ್ಕೆ ನೀರು ಹಿಡಿದು ಬೆಳಕಿಗೆ ಎತ್ತಿ ನೋಡಿ. ಹಾಲಿನ ಬಣ್ಣದಲ್ಲಿದ್ದು, ಅರೆ ನಿಮಿಷದಲ್ಲಿ ಕೆಳಗಿನಿಂದ ಮೇಲಕ್ಕೆ ತಿಳಿಯಾಗುತ್ತಾ ಬಂದರೆ ಅದು ಗಾಳಿ. ಮೇಲಿನಿಂದ ಕೆಳಕ್ಕೆ ತಿಳಿಯಾದರೆ ಅದು ಕೆಸರು. ಗಾಳಿ ಸೇರುವುದು ಹೆಚ್ಚಾಗಿ ಒಳಹರಿವಿನ ಪೈಪಿನ ಸಡಿಲ ಜೋಡಣೆಯಿಂದ ಅಥವಾ ತೊಟ್ಟಿಯಲ್ಲಿ ನೀರು ತಗ್ಗಿ ಸುಳಿ ಎದ್ದಾಗ. ಒಳಹರಿವಿನ ಕಡೆಯ ಸೋರಿಕೆ ನೀರನ್ನು ಹೊರಗೆ ಬಿಡದೆ ಗಾಳಿಯನ್ನು ಒಳಗೆ ಎಳೆಯುವುದರಿಂದ ನೆಲ ಒಣಗಿಯೇ ಇರುತ್ತದೆ. ಜೋಡಣೆಗಳ ಮೇಲೆ ಸೋಪಿನ ನೊರೆ ಹಚ್ಚಿ, ನೊರೆ ಎಲ್ಲಿ ಒಳಗೆ ಹೀರಿಕೊಳ್ಳುತ್ತದೆ ನೋಡಿ.

ಒಳಹರಿವು ಚೆನ್ನಾಗಿದ್ದರೆ ಅನ್‌ಲೋಡರ್ ವಾಲ್ವ್ ಮೇಲೆ ಅನುಮಾನ ಪಡಿ. ಅದರ ಕವಾಟದಡಿ ಒಂದು ಕಣ ಕಸ ಸಿಕ್ಕಿಕೊಂಡರೂ ನೀರು ನಾಜಲ್‌ಗೆ ಹೋಗದೆ ತೊಟ್ಟಿಗೇ ಸುತ್ತು ಹೊಡೆಯುತ್ತದೆ. ವಾಪಸು ಪೈಪ್ ಬಿಸಿಯಾಗುತ್ತಿದ್ದರೆ ಅನುಮಾನ ಗಟ್ಟಿಯಾಯಿತು. ಪಂಪ್ ಕೊಟ್ಟ ಶಕ್ತಿ ಕೆಲಸವಾಗದೆ ಶಾಖವಾಗಿದೆ. ಅನ್‌ಲೋಡರ್‌ನ ಸ್ಕ್ರೂ ಬಿಗಿಮಾಡಿ ಒತ್ತಡ ಏರಿಸುವ ಚಾಳಿ ಕೆಲವರಿಗಿದೆ. ಮೂಲ ಸೆಟ್ಟಿಂಗ್ ಗುರುತು ಹಾಕಿಕೊಳ್ಳದೆ ಅದನ್ನು ಮುಟ್ಟಬೇಡಿ. ಕಸ ತಾನಾಗಿ ಹೊರಟುಹೋದ ದಿನ ಒತ್ತಡ ಮಿತಿ ಮೀರಿ ಸುರಕ್ಷತಾ ವಾಲ್ವ್ ಹಾರುತ್ತದೆ.

ಮುಳ್ಳು ಒಂದೇ ಲಯದಲ್ಲಿ ಜೋರಾಗಿ ಬಡಿದುಕೊಳ್ಳುತ್ತಿದ್ದರೆ ಪಂಪಿನ ಒಂದು ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಅದರ ಒಳ ಅಥವಾ ಹೊರ ಕವಾಟದಲ್ಲಿ ಕಸವಿದೆ, ಇಲ್ಲವೇ ಸ್ಪ್ರಿಂಗ್ ಮುರಿದಿದೆ. ಕ್ರ್ಯಾಂಕ್‌ಕೇಸಿನ ಎಣ್ಣೆ ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದರೆ ಪ್ಲಂಜರ್ ಸೀಲ್ ಹೋಗಿ ನೀರು ಎಣ್ಣೆಗೆ ಬೆರೆತಿದೆ. ಎಣ್ಣೆ ಮಾತ್ರ ಬದಲಿಸಿದರೆ ಬೇರಿಂಗ್ ಉಳಿಯುವುದಿಲ್ಲ. ಮೊದಲು ಸೀಲ್, ಆಮೇಲೆ ಎಣ್ಣೆ. ಕಡಿಮೆ ಒತ್ತಡದ ವ್ಯವಸ್ಥೆಯಲ್ಲಿ ಕೇಂದ್ರಾಪಗಾಮಿ ಪಂಪ್ ಇದ್ದು, ವಿದ್ಯುತ್ ಕೆಲಸ ನಡೆದ ಮರುದಿನವೇ ಒತ್ತಡ ಬಿದ್ದಿದ್ದರೆ ಮೋಟಾರ್ ತಿರುಗುವ ದಿಕ್ಕನ್ನು ನೋಡಿ. ಫೇಸ್ ಅದಲುಬದಲಾದರೆ ಪಂಪ್ ಹಿಮ್ಮುಖ ತಿರುಗುತ್ತಲೇ ಒಂದಿಷ್ಟು ನೀರು ತಳ್ಳಿ ಎಲ್ಲರನ್ನೂ ಏಮಾರಿಸುತ್ತದೆ.

ಜಾಕಿ ಪಂಪ್ ಪದೇ ಪದೇ ಎದ್ದು ಕೂರುತ್ತಿದೆ

ಜಾಕಿ ಪಂಪ್ ಎಂದರೆ ಪೈಪಿನ ಒತ್ತಡ ಇಳಿದಾಗ ತಾನಾಗಿ ಓಡಿ ಅದನ್ನು ತುಂಬಿಕೊಡುವ ಸಣ್ಣ ಪಂಪ್. ಅದು ಪದೇ ಪದೇ ಓಡುತ್ತಿದ್ದರೆ ಪೈಪಿನಲ್ಲಿ ಕಾಯ್ದಿರಿಸಿದ ಒತ್ತಡ ಎಲ್ಲೋ ಇಳಿಯುತ್ತಿದೆ. ಎಲ್ಲಾ ವಿಭಾಗಗಳ ವಾಲ್ವ್ ಮುಚ್ಚಿ, ಪ್ರತಿ ವಿಭಾಗದ ಗೇಜ್ ಬರೆದುಕೊಂಡು, ಒಂದಷ್ಟು ಹೊತ್ತು ಬಿಟ್ಟು ಮತ್ತೆ ಓದಿ. ಯಾವುದು ಇಳಿಯಿತೋ ಸೋರಿಕೆ ಅಲ್ಲಿ. ಯಾವುದೂ ಇಳಿಯದೆ ಮುಖ್ಯ ಪೈಪೇ ಇಳಿದರೆ, ನೀರು ಹೊರಗೆ ಹೋಗದೆ ಹಿಂದಕ್ಕೆ ಹೋಗುತ್ತಿರಬಹುದು: ಮುಖ್ಯ ಪಂಪಿನ ಚೆಕ್ ವಾಲ್ವ್ ದಾಟಿ ತೊಟ್ಟಿಗೆ. ತೊಟ್ಟಿಗೆ ಬೀಳುವ ವಾಪಸು ಪೈಪಿನ ಬಾಯಿಗೆ ಟಾರ್ಚ್ ಹಿಡಿದು ನೋಡಿ, ಪಂಪ್ ನಿಂತಿರುವಾಗಲೂ ಅಲ್ಲಿ ತೊಟ್ಟಿಕ್ಕುತ್ತಿದ್ದರೆ ಉತ್ತರ ಸಿಕ್ಕಂತೆ.

ಕೆಲವೊಮ್ಮೆ ಸೋರಿಕೆಯೇ ಇರುವುದಿಲ್ಲ. ರಾತ್ರಿ ತಂಪಾದಾಗ ಪೈಪಿನ ನೀರು ಕುಗ್ಗಿ ಒತ್ತಡ ಇಳಿಯುತ್ತದೆ, ಹಗಲಿಗೆ ಏರುತ್ತದೆ. ಜಾಕಿ ಪಂಪ್ ನಸುಕಿನಲ್ಲಿ ಮಾತ್ರ ಏಳುತ್ತಿದ್ದರೆ ಮೊದಲು ಉಷ್ಣತೆಯ ಕಡೆ ನೋಡಿ. ನೈಟ್ರೋಜನ್ ಸಿಲಿಂಡರ್‌ಗಳಿಂದ ನಡೆಯುವ ವ್ಯವಸ್ಥೆಯಲ್ಲಿ ಇದು ಇನ್ನೂ ಎದ್ದುಕಾಣುತ್ತದೆ. 20 ಡಿಗ್ರಿಯಲ್ಲಿ 200 ಬಾರ್ ತೋರಿಸುವ ಸಿಲಿಂಡರ್ ಸೊನ್ನೆ ಡಿಗ್ರಿಯಲ್ಲಿ ಸುಮಾರು 185 ಬಾರ್‌ಗೆ ಬರುತ್ತದೆ, ಒಂದು ಗುಳ್ಳೆಯಷ್ಟೂ ಸೋರದೆ. ಕೋಣೆಯ ಉಷ್ಣತೆ ಬರೆಯದ ಸಿಲಿಂಡರ್ ಒತ್ತಡದ ದಾಖಲೆಗೆ ಬೆಲೆಯಿಲ್ಲ. ಅದೇ ಉಷ್ಣತೆಯಲ್ಲಿ ಒಂದು ಸಿಲಿಂಡರ್ ಮಾತ್ರ ಉಳಿದವುಗಳಿಗಿಂತ ಹಿಂದೆ ಬಿದ್ದಿದ್ದರೆ ಅದು ನಿಜವಾದ ಸೋರಿಕೆ.

ಪೈಪಿನಲ್ಲೇ ಸೂಜಿತೂತು ಕಂಡರೆ ಅದನ್ನು ಒಂಟಿ ಘಟನೆ ಎಂದುಕೊಳ್ಳಬೇಡಿ. ತುಕ್ಕು ಹಿಡಿಯದ ಉಕ್ಕಿಗೂ ಕ್ಲೋರೈಡ್ ಶತ್ರು. ನಿಂತ ನೀರಿನಲ್ಲಿ ಕ್ಲೋರೈಡ್ ಹೆಚ್ಚಿದ್ದರೆ ಬೆಸುಗೆಯ ಅಂಚಿನಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆಯುತ್ತಾ ಹೋಗುತ್ತದೆ. ಹಡಗುಗಳಲ್ಲಿ ಸಮುದ್ರದ ನೀರಿನಿಂದ ಪರೀಕ್ಷೆ ಮಾಡಿದ ಮೇಲೆ ಸಿಹಿನೀರಿನಿಂದ ಪೂರ್ತಿ ತೊಳೆಯದೆ ಬಿಟ್ಟರೆ ಹೀಗೇ ಆಗುವುದು.

ನಾಜಲ್ ಬಿಚ್ಚಿದಾಗ ಸಿಗುವ ಸಾಕ್ಷ್ಯ

ಆರೋಗ್ಯವಾಗಿರುವ ನಾಜಲ್‌ನಿಂದ ಹೊರಡುವ ಮಂಜಿನ ಶಂಕು ಸುತ್ತಲೂ ಒಂದೇ ಸಮನಾಗಿರುತ್ತದೆ. ಟಾರ್ಚ್ ಬೆಳಕನ್ನು ಅಡ್ಡಲಾಗಿ ಬಿಟ್ಟು ಕಪ್ಪು ಹಿನ್ನೆಲೆಯ ಎದುರು ನೋಡಿದರೆ ಕೊರತೆ ಬೇಗ ಕಣ್ಣಿಗೆ ಬೀಳುತ್ತದೆ: ಒಂದು ಬದಿಯಲ್ಲಿ ಖಾಲಿ ಪಟ್ಟಿ, ನಡುವೆ ದಾರದಂಥ ಧಾರೆ ಅಥವಾ ಮಂಜಿನ ಜೊತೆಗೇ ದಪ್ಪ ತೊಟ್ಟುಗಳು. ಕೆಟ್ಟ ನಾಜಲ್‌ಗಳನ್ನು ಬಿಚ್ಚುವ ಮುಂಚೆ ನಕ್ಷೆಯ ಮೇಲೆ ಗುರುತು ಹಾಕಿ. ಸಾಲಿನ ಕೊನೆಯ ನಾಜಲ್‌ಗಳೇ ಕಟ್ಟಿದ್ದರೆ ಪೈಪಿನೊಳಗಿನ ಕಸ ತೇಲಿ ಅಲ್ಲಿಗೆ ಬಂದು ಸೇರಿದೆ. ಪೈಪ್ ತೊಳೆಯುವ ಕೆಲಸ ಸರಿಯಾಗಿ ಆಗಿಲ್ಲ. ಎಲ್ಲವೂ ಸಮನಾಗಿ ಕಟ್ಟಿದ್ದರೆ ನೀರಿನ ಗುಣದಲ್ಲೇ ತೊಂದರೆಯಿದೆ, ಇಲ್ಲವೇ ಫಿಲ್ಟರ್ ಹರಿದಿದೆ. ಇತ್ತೀಚೆಗೆ ರಿಪೇರಿಯಾದ ಜಾಗದ ಮುಂದಿನವು ಮಾತ್ರ ಕಟ್ಟಿದ್ದರೆ ರಿಪೇರಿ ಮಾಡಿದವರನ್ನು ಕರೆಸಿ.

ನಾಜಲ್‌ನ ಒಳಗಿನ ಪುಟ್ಟ ಜಾಲರಿಯನ್ನು ಬಿಳಿ ಕಾಗದದ ಮೇಲೆ ತಟ್ಟಿ, ಬಿದ್ದದ್ದನ್ನು ಒಣಗಲು ಬಿಡಿ. ಈ ಒಂದು ಚಿಟಿಕೆ ಪುಡಿಯೇ ಇಡೀ ತನಿಖೆಯ ಅತಿ ಉಪಯುಕ್ತ ವಸ್ತು. ಬಿಳಿ ಪುಡಿಯ ಮೇಲೆ ಒಂದು ತೊಟ್ಟು ವಿನೆಗರ್ ಬಿಟ್ಟಾಗ ನೊರೆಯೆದ್ದರೆ ಅದು ಗಡಸು ನೀರಿನ ಸುಣ್ಣ. ನೀರು ಮೆದುಗೊಳಿಸದೆ ಬೇರೆ ಉಪಾಯವಿಲ್ಲ. ಕಂದು ಪುಡಿ ಅಯಸ್ಕಾಂತಕ್ಕೆ ಅಂಟಲಿ ಬಿಡಲಿ, ಅದು ತುಕ್ಕು: ವ್ಯವಸ್ಥೆಯಲ್ಲಿ ಎಲ್ಲೋ ಸಾಮಾನ್ಯ ಉಕ್ಕಿನ ತುಂಡೊಂದು, ಒಂದು ನಿಪ್ಪಲ್ಲೋ ಪ್ಲಗ್ಗೋ, ಸೇರಿಕೊಂಡಿದೆ. ಹೊಳೆಯುವ ಸುರುಳಿ ಚೂರುಗಳು ಪೈಪ್ ಕತ್ತರಿಸಿದಾಗಿನವು. ಬಿಳಿ ಎಳೆಗಳು ಥ್ರೆಡ್‌ಗೆ ಸುತ್ತುವ ಟೇಪಿನವು. ಮೊದಲ ಸುತ್ತು ಥ್ರೆಡ್‌ನ ಅಂಚು ದಾಟಿ ಒಳಗೆ ಚಾಚಿದರೆ ನೀರು ಅದನ್ನು ಹರಿದು ನೇರ ನಾಜಲ್‌ಗೆ ತಲುಪಿಸುತ್ತದೆ. ಕಪ್ಪು ಮೆದು ತುಣುಕುಗಳು ಓ-ರಿಂಗ್ ಅಥವಾ ಹೋಸ್‌ನ ಒಳಪದರದ ರಬ್ಬರ್. ಬೆರಳಿಗೆ ಲೋಳೆಯಂತೆ ಜಾರಿದರೆ ಅದು ಜೀವಾಣುಗಳ ಪದರ. ಅದರ ವಿಚಾರ ಮುಂದಿದೆ.

ರಂಧ್ರಕ್ಕೆ ಸೂಜಿ ಹಾಕಬೇಡಿ. 0.2 ಮಿಲಿಮೀಟರ್ ರಂಧ್ರ 0.22ಕ್ಕೆ ಅಗಲವಾದರೆ ಅದರ ವಿಸ್ತೀರ್ಣ ಶೇ. 21ರಷ್ಟು ಹೆಚ್ಚುತ್ತದೆ, ಹರಿವು ಹೆಚ್ಚಿ, ಹನಿ ದಪ್ಪವಾಗಿ, ಅಂಚು ಗೀಚಿದ ಕಡೆಯಿಂದ ಮಂಜು ವಾಲುತ್ತದೆ. ತಂಪಿನ ನಾಜಲ್‌ಗಳನ್ನು ಸಿಟ್ರಿಕ್ ಆಮ್ಲದ ತಿಳಿ ದ್ರಾವಣದಲ್ಲಿ ನೆನೆಸಿ, ಶುದ್ಧ ನೀರಿನಲ್ಲಿ ತೊಳೆದು, ಹಿಂದಿನಿಂದ ಗಾಳಿ ಊದಿದರೆ ಸುಣ್ಣ ಹೋಗುತ್ತದೆ. ಬೆಂಕಿ ರಕ್ಷಣೆಯ ನಾಜಲ್‌ಗೆ ಈ ಮನೆಮದ್ದು ಬೇಡ. ತಯಾರಕರು ಒಪ್ಪಿದ ಕ್ರಮವಿದ್ದರೆ ಅದನ್ನು ಅನುಸರಿಸಿ, ಇಲ್ಲದಿದ್ದರೆ ಅದೇ ಮಾದರಿಯ ಹೊಸದನ್ನು ಹಾಕಿ. ಥ್ರೆಡ್ ಹೊಂದುತ್ತದೆ ಎಂದು ಬೇರೆ ತಯಾರಕರ ನಾಜಲ್ ಕೂರಿಸುವುದಂತೂ ಸಲ್ಲದು. ಸ್ಪ್ರಿಂಕ್ಲರ್‌ನಂತೆ ಚದರ ಮೀಟರಿಗೆ ಇಷ್ಟು ನೀರು ಎಂಬ ಎಲ್ಲರಿಗೂ ಒಗ್ಗುವ ಲೆಕ್ಕ ಮಂಜಿಗೆ ಇಲ್ಲ. ಆ ನಾಜಲ್, ಆ ಒತ್ತಡ, ಆ ಎತ್ತರ, ಆ ಅಂತರ ಎಲ್ಲವೂ ಒಟ್ಟಾಗಿ ನಿಜವಾದ ಬೆಂಕಿಯ ಎದುರು ಪರೀಕ್ಷೆಯಾಗಿ ಒಪ್ಪಿಗೆ ಪಡೆದಿರುತ್ತವೆ. ಒಂದನ್ನು ಬದಲಿಸಿದರೆ ಪರೀಕ್ಷೆಯ ಆಧಾರವೇ ಕಳಚುತ್ತದೆ.

ಫಿಲ್ಟರ್ ಬದಲಿಸುವಾಗ ಒಂದು ಅಳತೆ ನೆನಪಿರಲಿ. ನಾಜಲ್ ಒಳದಾರಿಯ ಅತಿ ಕಿರಿದಾದ ಜಾಗದ ಶೇ. 80ಕ್ಕಿಂತ ದೊಡ್ಡ ಕಣ್ಣು ಜಾಲರಿಗೆ ಇರಬಾರದು ಎನ್ನುತ್ತದೆ ಎನ್‌ಎಫ್‌ಪಿಎ 750. ಒಳದಾರಿ 0.5 ಮಿಲಿಮೀಟರ್ ಆದರೆ ಜಾಲರಿಯ ಕಣ್ಣು 0.4 ದಾಟಬಾರದು. ಮೊದಲಿದ್ದದ್ದು ಬೇಗ ಕಟ್ಟುತ್ತದೆ ಎಂದು ದೊಡ್ಡ ಕಣ್ಣಿನ ಜಾಲರಿ ಹಾಕಿದರೆ, ಆ ಕಟ್ಟನ್ನು ನಾಜಲ್‌ಗೆ ವರ್ಗಾಯಿಸಿದಂತಾಯಿತು.

ಹೊರಡಲೇ ಇಲ್ಲ ಅಥವಾ ಬೇಡದಾಗ ಹೊರಟಿತು

ಇಲ್ಲಿ ಹುಡುಕಾಟ ನೀರಿಗಿಂತ ವಿದ್ಯುತ್ತಿನದು. ಪತ್ತೆಯಂತ್ರದಿಂದ ಸಂಕೇತ ಪ್ಯಾನೆಲ್‌ಗೆ ಬಂತೇ, ಪ್ಯಾನೆಲ್‌ನಿಂದ ವಾಲ್ವ್ ತೆರೆಯುವ ವಿದ್ಯುತ್ ಸುರುಳಿಗೆ (ಸೊಲೆನಾಯ್ಡ್) ವೋಲ್ಟೇಜ್ ಹೋಯಿತೇ, ಆ ಸುರುಳಿ ತುಂಡಾಗಿದೆಯೇ, ವಿಭಾಗದ ಕೈವಾಲ್ವನ್ನು ಯಾರಾದರೂ ಮುಚ್ಚಿ ಮರೆತರೇ ಎಂದು ಸಾಲಾಗಿ ನೋಡಿ. ಹಿಂದಿನ ಪರೀಕ್ಷೆಗೆಂದು ಮುಚ್ಚಿದ ವಾಲ್ವ್ ಹಾಗೇ ಉಳಿದಿರುವುದು ನಾಚಿಕೆಯಾಗುವಷ್ಟು ಸಾಮಾನ್ಯ.

ಬಿಸಿಗೆ ಒಡೆದು ನೀರಿಗೆ ದಾರಿ ಬಿಡುವ ಗಾಜಿನ ಬಲ್ಬ್ ಇರುವ ನಾಜಲ್‌ಗಳಲ್ಲಿ ಬಲ್ಬಿನ ಬಣ್ಣ ನೋಡಿ: ಕಿತ್ತಳೆ 57 ಡಿಗ್ರಿಗೆ ಒಡೆಯುತ್ತದೆ, ಕೆಂಪು 68ಕ್ಕೆ, ಹಳದಿ 79ಕ್ಕೆ, ಹಸಿರು 93ಕ್ಕೆ, ನೀಲಿ 141ಕ್ಕೆ. ಬೆಂಕಿಯಿಲ್ಲದೆ ಒಂದೇ ಜಾಗದ ಬಲ್ಬ್ ಮತ್ತೆ ಮತ್ತೆ ಒಡೆಯುತ್ತಿದ್ದರೆ ನಾಜಲ್ ಮೇಲೆ ಸಿಟ್ಟಾಗುವ ಬದಲು ಚಾವಣಿಯ ಉಷ್ಣತೆ ಅಳೆಯಿರಿ. ಬಲ್ಬ್ ಮೇಲೆ ಬಣ್ಣ ಬಳಿದಿದ್ದರೆ ಅಥವಾ ಸಾಗಣೆಗೆ ಹಾಕಿದ ಪ್ಲಾಸ್ಟಿಕ್ ಟೊಪ್ಪಿ ಇನ್ನೂ ತೆಗೆಯದಿದ್ದರೆ ಅದು ಸಮಯಕ್ಕೆ ತೆರೆಯುವುದಿಲ್ಲ. ಬಣ್ಣ ಕೆರೆದು ತೆಗೆಯುವ ಸಾಹಸ ಬೇಡ, ನಾಜಲ್ ಬದಲಿಸಿ.

ಮಂಜು ಚೆನ್ನಾಗಿದೆ, ಕೆಲಸ ಆಗುತ್ತಿಲ್ಲ

ಗೇಜ್, ಪಂಪ್, ನಾಜಲ್ ಎಲ್ಲವೂ ಸರಿಯಿದ್ದೂ ಫಲ ಸಿಗದಿದ್ದಾಗ ದೋಷ ಪೈಪಿನ ಹೊರಗಿದೆ. ಇಡೀ ಕೋಣೆಯನ್ನು ಮಂಜಿನಿಂದ ತುಂಬಿಸುವ ಬೆಂಕಿ ವ್ಯವಸ್ಥೆ ಆ ಕೋಣೆ ಮುಚ್ಚಿರುತ್ತದೆ ಎಂದು ನಂಬಿಯೇ ರೂಪುಗೊಂಡಿರುತ್ತದೆ. ಬಾಗಿಲು ತೆರೆದಿದ್ದರೆ ಅಥವಾ ಫ್ಯಾನ್ ನಿಲ್ಲದಿದ್ದರೆ ಹಗುರ ಹನಿಗಳೂ ಆವಿಯೂ ಹೊರಗೆ ಹೋಗುತ್ತವೆ, ಹೊಸ ಗಾಳಿ ಒಳಗೆ ಬರುತ್ತದೆ. ಪರೀಕ್ಷೆಯ ದಿನ ಮಂಜಿನ ಕಡೆಗೇ ನೋಡುತ್ತಾ ನಿಲ್ಲದೆ, ಸಂಕೇತ ಬಂದೊಡನೆ ಫ್ಯಾನ್ ನಿಂತಿತೇ, ಗಾಳಿದಾರಿಯ ಡ್ಯಾಂಪರ್ ಮುಚ್ಚಿತೇ, ಇಂಧನದ ವಾಲ್ವ್ ಕಡಿಯಿತೇ ಎಂದು ಒಬ್ಬೊಬ್ಬರನ್ನು ಒಂದೊಂದರ ಬಳಿ ನಿಲ್ಲಿಸಿ ನೋಡಿಸಿ.

ವಿಚಿತ್ರವೆನಿಸಿದರೂ ಮುಚ್ಚಿದ ಕೋಣೆಯಲ್ಲಿ ದೊಡ್ಡ ಬೆಂಕಿಗಿಂತ ಯಾವುದಾದರೂ ಮರೆಯಲ್ಲಿ ಉರಿಯುವ ಸಣ್ಣ ಬೆಂಕಿ ಮಂಜಿಗೆ ಕಠಿಣ. ದೊಡ್ಡ ಬೆಂಕಿ ತಾನೇ ಆಮ್ಲಜನಕ ತಿಂದು, ತಾನೇ ಹನಿಗಳನ್ನು ಆವಿಯಾಗಿಸಿ, ತನ್ನ ಉಸಿರನ್ನು ತಾನೇ ಕಟ್ಟಿಕೊಳ್ಳುತ್ತದೆ. ಸಣ್ಣದಕ್ಕೆ ಅಷ್ಟು ಶಾಖವಿಲ್ಲ, ಮರೆಯಿರುವುದರಿಂದ ಹನಿಯೂ ನೇರ ತಲುಪುವುದಿಲ್ಲ. ಆದ್ದರಿಂದ ವ್ಯವಸ್ಥೆ ಕೂರಿಸಿದ ಮೇಲೆ ಕೋಣೆಯಲ್ಲಿ ಹೊಸ ಕಪಾಟು, ಕೇಬಲ್ ತಟ್ಟೆ, ಯಂತ್ರದ ಹೊದಿಕೆ ಬಂದಿದ್ದರೆ ಅದನ್ನು ದೋಷವೆಂದೇ ವರದಿಯಲ್ಲಿ ಬರೆಯಿರಿ. ಕೋಣೆಗೆ ಹೊಸದಾಗಿ ಬಂದ ಸರಕನ್ನೂ ನೋಡಿ. ಸೋಡಿಯಂ, ಕ್ಯಾಲ್ಸಿಯಂ ಕಾರ್ಬೈಡ್‌ನಂಥ ನೀರಿನೊಡನೆ ಕೆರಳುವ ವಸ್ತುಗಳಿರುವಲ್ಲಿ ಮಂಜು ಎಷ್ಟು ಸಣ್ಣದಾದರೂ ನೀರು ನೀರೇ.

ತಂಪಿನ ವ್ಯವಸ್ಥೆಯಲ್ಲಿ “ಮೊದಲು ತಂಪಾಗುತ್ತಿತ್ತು, ಈಗಿಲ್ಲ” ಎಂಬ ದೂರಿಗೆ ಎಷ್ಟೋ ಸಲ ಹವಾಮಾನವೇ ಕಾರಣ. ನೀರು ಆವಿಯಾಗುವುದರಿಂದ ಗಾಳಿ ತಂಪಾಗಬಹುದಾದ ಕೊನೆಯ ಮಿತಿ ಒದ್ದೆಬಲ್ಬ್ ಉಷ್ಣತೆ. 38 ಡಿಗ್ರಿ ಬಿಸಿಲು, ಶೇ. 25 ತೇವಾಂಶ ಇದ್ದಾಗ ಆ ಮಿತಿ ಸುಮಾರು 23 ಡಿಗ್ರಿ. ಇಳಿಯಲು 15 ಡಿಗ್ರಿ ಅವಕಾಶವಿದೆ. 32 ಡಿಗ್ರಿ, ಶೇ. 85 ತೇವಾಂಶವಾದರೆ ಮಿತಿ ಸುಮಾರು 30 ಡಿಗ್ರಿ. ಇಳಿಯುವುದು ಹೆಚ್ಚೆಂದರೆ ಎರಡು ಡಿಗ್ರಿ. ಅಂಥ ದಿನ ಪಂಪಿನ ಒತ್ತಡ ಏರಿಸಿದರೂ ನಾಜಲ್ ಹೆಚ್ಚಿಸಿದರೂ ಬಟ್ಟೆ ಒದ್ದೆಯಾಗುವುದೊಂದೇ ಲಾಭ. ತೇವಾಂಶಮಾಪಕ ಜೇಬಿನಲ್ಲಿಲ್ಲದೆ ಈ ದೂರಿಗೆ ಉತ್ತರಿಸಲು ಹೋಗಬೇಡಿ. ತೇವಾಂಶ ಕಡಿಮೆಯಿದ್ದೂ ತಂಪಾಗದಿದ್ದರೆ ಗಾಳಿಯಾಟ ನೋಡಿ. ಆವಿಯನ್ನು ಹೊತ್ತೊಯ್ಯಲು ಗಾಳಿ ಸರಿಯದಿದ್ದರೆ ನಾಜಲ್ ಸುತ್ತಲಿನ ಗಾಳಿ ಬೇಗ ತುಂಬಿಹೋಗುತ್ತದೆ.

ನಿಲ್ಲಿಸಿದ ಮೇಲೂ ನಾಜಲ್ ತೊಟ್ಟಿಕ್ಕುತ್ತಿದ್ದರೆ ಅದರೊಳಗಿನ ಪುಟ್ಟ ಗುಂಡು ಮತ್ತು ಸ್ಪ್ರಿಂಗ್‌ನ ಕವಾಟ ಸರಿಯಾಗಿ ಕೂರುತ್ತಿಲ್ಲ ಅಥವಾ ಪಂಪ್ ನಿಂತಾಗ ಪೈಪಿನ ಒತ್ತಡ ಇಳಿಸುವ ಡ್ರೈನ್ ವಾಲ್ವ್ ತೆರೆಯುತ್ತಿಲ್ಲ. ಒಂದೆರಡು ತೊಟ್ಟಿಕ್ಕಿದರೆ ಮೊದಲನೆಯದು, ಎಲ್ಲವೂ ತೊಟ್ಟಿಕ್ಕಿದರೆ ಎರಡನೆಯದು. ಇದನ್ನು ಬರೀ ಕಿರಿಕಿರಿ ಎಂದು ಬಿಡಬೇಡಿ. ರಂಧ್ರದ ತುದಿಯಲ್ಲಿ ನಿಂತ ಹನಿ ಒಣಗಿದಾಗಲೆಲ್ಲ ತನ್ನ ಸುಣ್ಣವನ್ನು ಅಲ್ಲೇ ಬಿಟ್ಟುಹೋಗುತ್ತದೆ; ನಿಮಿಷಕ್ಕೊಮ್ಮೆ ಹತ್ತಿ ಆರುವ ಟೈಮರ್ ಇದ್ದರೆ ಪದರ ಇನ್ನೂ ಬೇಗ ಕಟ್ಟುತ್ತದೆ.

ವಾಸನೆ ಮತ್ತು ಲೋಳೆ

ಇದೊಂದರಲ್ಲಿ ಕ್ರಮ ತಲೆಕೆಳಗು: ಮೊದಲು ನಿಲ್ಲಿಸಿ, ಆಮೇಲೆ ಹುಡುಕಿ. ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ 20ರಿಂದ 45 ಡಿಗ್ರಿ ನೀರಿನಲ್ಲಿ ಬೆಳೆಯುತ್ತದೆ. ಮನುಷ್ಯರಿಗೆ ತಗಲುವುದು ಸಣ್ಣ ಹನಿಗಳನ್ನು ಉಸಿರಾಡಿದಾಗ. ಜನರ ತಲೆಯ ಮೇಲೆ ಮಂಜು ಬಿಡುವ ವ್ಯವಸ್ಥೆ ಈ ಎರಡಕ್ಕೂ ಅನುಕೂಲ ಮಾಡಿಕೊಡಬಲ್ಲದು. ಬಿಸಿಲಿಗೆ ಕಾದ ಹೋಸ್, ವಾರಗಟ್ಟಲೆ ನಿಂತ ನೀರು, ಮುಚ್ಚಳವಿಲ್ಲದ ತೊಟ್ಟಿ, ಕೊನೆಯಲ್ಲಿ ಮುಚ್ಚಿಬಿಟ್ಟ ಬಳಕೆಯಿಲ್ಲದ ಪೈಪ್ ತುಂಡು ಇವೇ ಅದರ ನೆಲೆ. ತೊಟ್ಟಿ ಮತ್ತು ಪೈಪ್ ಖಾಲಿ ಮಾಡಿ, ಲೋಳೆ ಉಜ್ಜಿ ತೆಗೆದು, ಸೋಂಕುನಿವಾರಕ ಹಾಕಿ, ನಿಗದಿತ ಹೊತ್ತು ಬಿಟ್ಟು, ಶುದ್ಧ ನೀರಿನಿಂದ ತೊಳೆಯಿರಿ. ಕ್ಲೋರಿನ್ ಬಳಸಿದರೆ ಪೈಪಿನೊಳಗೆ ಉಳಿಯದಂತೆ ತೊಳೆಯುವುದು ಮುಖ್ಯ. ಅದು ಉಕ್ಕನ್ನೂ ರಬ್ಬರನ್ನೂ ತಿನ್ನುತ್ತದೆ. ತೊಳೆಯುವ ನೀರನ್ನು ನಾಜಲ್ ಬಿಚ್ಚಿ ತೆರೆದ ಪೈಪಿನಿಂದ ಹೊರಬಿಡಿ. ಮಂಜಾಗಿ ಹೊರಡಿಸಿದರೆ ಯಾವುದನ್ನು ಕೊಲ್ಲಲು ಹೊರಟೆವೋ ಅದನ್ನೇ ಗಾಳಿಗೆ ಬಿಟ್ಟಂತೆ.

ಮತ್ತೆ ಚಾಲೂ ಮಾಡುವಾಗ

ಹೊಸ ನಾಜಲ್ ಕೂರಿಸುವ ಮುಂಚೆ ಪೈಪಿನ ಕೊನೆ ತೆರೆದು ಜೋರಾಗಿ ನೀರು ಹರಿಸಿ, ಹೊರಬರುವ ನೀರನ್ನು ಬಿಳಿ ಬಟ್ಟೆಯಲ್ಲಿ ಸೋಸಿ ನೋಡಿ. ಬಟ್ಟೆ ಸ್ವಚ್ಛವಾಗಿ ಉಳಿಯುವವರೆಗೆ ನಾಜಲ್ ಪೊಟ್ಟಣ ಬಿಚ್ಚಬೇಡಿ. ಆಮೇಲೆ ಎತ್ತರದ ಜಾಗದಿಂದ ಗಾಳಿ ಹೊರಗೆ ಬಿಟ್ಟು, ಒತ್ತಡವನ್ನು ಹಂತ ಹಂತವಾಗಿ ಏರಿಸಿ, ಪಂಪಿನ ಬಳಿ ಮತ್ತು ಅತಿ ದೂರದ ನಾಜಲ್‌ನ ಬಳಿ ಎರಡೂ ಅಳತೆ ಬರೆಯಿರಿ. ವಿಭಾಗದ ವಾಲ್ವ್‌ಗಳು ತೆರೆದ ಸ್ಥಿತಿಯಲ್ಲಿ ಮುದ್ರೆಯಾಗಿವೆಯೇ, ಪ್ಯಾನೆಲ್ ಸ್ವಯಂಚಾಲಿತಕ್ಕೆ ಮರಳಿದೆಯೇ ಎಂದು ಮಾಡಿದವರಲ್ಲದೆ ಇನ್ನೊಬ್ಬರು ನೋಡಲಿ.

ಒಂದು ವಾರ ಬಿಟ್ಟು ಫಿಲ್ಟರ್ ಮತ್ತೊಮ್ಮೆ ಬಿಚ್ಚಿ. ಹಳೆಯ ಪೈಪಿನಲ್ಲಿ ಒತ್ತಡ ಏರಿಳಿದಾಗ ಸಡಿಲವಾದ ಪದರ ಹರಿದು ಅಲ್ಲಿಗೆ ಬಂದಿರುತ್ತದೆ. ಜಾಲರಿಯ ಮೇಲೆ ಕಸ ಹೆಚ್ಚಿದ್ದರೆ ಪೈಪ್ ಇನ್ನೊಮ್ಮೆ ತೊಳೆಯಬೇಕು. ಕಸ ಕಡಿಮೆಯಿದ್ದು ನಾಜಲ್ ಆಗಲೇ ಕಟ್ಟಲು ಶುರುವಾಗಿದ್ದರೆ ಆ ಕಸ ಫಿಲ್ಟರ್ ದಾಟಿದ ಮೇಲಿನ ಪೈಪಿನಲ್ಲೇ ಹುಟ್ಟುತ್ತಿದೆ.